ಕುರ್ಚಿಯ ಜಾಗ

ಯಾಮಿಲೆ ಸಸಿ ನೆಡುವ ಗುಂಡಿಗೆ ಹಾರೆ ಹಾಕುವುದಕ್ಕೂ ಬೆನಿಲ್ಡಾ ಅಜ್ಜಿ ತನ್ನ ತೂಗುಕುರ್ಚಿಯನ್ನು ದರದರ ಎಳೆದು ತರುವುದಕ್ಕೂ ಸರಿಹೋಯಿತು. ಬರಾಂಕಿಯಾ ಊರಿನ ಆ ಬೀದಿಯವರು ಬಾಗಿಲ ಮುಂದೆ ಕುರ್ಚಿ ಹಾಕುವುದು ಹೊತ್ತಿಳಿದ ಮೇಲೆ. ಮೂರು ಗಂಟೆಯ ಉರಿಬಿಸಿಲಲ್ಲಿ ಯಾರೂ ಕೂತದ್ದಿಲ್ಲ. ಹೋದ ವರ್ಷ, ಎಲೆ ಗುಡಿಸುವವರು ಯಾರು ಎಂದು ಪೊರಕೆ ಹಿಡಿದು ಗಿಡ ನೆಡುವವರನ್ನು ಓಡಿಸಿದ್ದವಳು ಇದೇ ಅಜ್ಜಿ.

"ಈ ಸಲ ಬೀದಿಯವರೆಲ್ಲ ಒಪ್ಪಿದಾರೆ ಅಜ್ಜಿ. ನೀವು ಅಡ್ಡ ಕೂತ್ರೂ ಮಾವು ನೆಟ್ಟೇ ನೆಡ್ತೀವಿ," ಎಂದಳು ಯಾಮಿಲೆ.

"ಬೇಡ ಅಂದೋರ್ಯಾರೆ? ಅದು ದೊಡ್ಡದಾದ್ರೆ ಈ ಹೊತ್ತಿಗೆ ನೆರಳು ಎಲ್ಲಿ ಬೀಳತ್ತೆ ಹೇಳು."

ಯಾಮಿಲೆ ಸೂರ್ಯನನ್ನು ನೋಡಿ, ಲೆಕ್ಕ ಹಾಕಿ, ಕೈ ಚಾಚಿದಳು. ಬೆರಳು ನೇರ ಕುರ್ಚಿಯ ಮೇಲೆ ಹೋಗಿ ನಿಂತಿತು. "ಅಲ್ಲೇ. ಆದ್ರೆ ಆರು ವರ್ಷ ಬೇಕು."

ಎಂಬತ್ತೊಂದರ ಬೆನಿಲ್ಡಾ ಬೆವರೊರೆಸಿಕೊಂಡು ಹಿಂದಕ್ಕೊರಗಿದಳು. "ಆಗಲಿ, ಅಗಿ. ಎದುರುಮನೆ ನೆಲ್ಸಿ ಬರೋಕ್ಮುಂಚೆ ಜಾಗ ಹಿಡ್ಕೊಂಡಿದೀನಿ."