ಹೊಳೆ ನಡುವೆ ಆರಿನ್

ಆರಿನ್ ಮುದುಕನ ಎಡಗಾಲು ನೀರೊಳಗಿನ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಮುಕ್ಕಾಲು ಗಂಟೆಯಾಗಿತ್ತು. ಆದರೂ ಅವನು ಏನೂ ಆಗದವನಂತೆ ಗಾಳ ಬೀಸುತ್ತಲೇ ಇದ್ದ. ಆಗಸ್ಟ್ ಕೊನೆಯ ಬೇಸಿಗೆಯಾದರೂ ಮೊಂಟಾನಾದ ಬೆಟ್ಟದ ನೀರು ಕೊರೆಯುತ್ತಿತ್ತು. ಮೊಣಕಾಲಿನ ಕೆಳಗೆ ಕಾಲಿದೆಯೆಂಬುದೇ ಗೊತ್ತಾಗುತ್ತಿರಲಿಲ್ಲ. "ಎಪ್ಪತ್ತೊಂಬತ್ತಾಯ್ತು ನಿಂಗೆ. ಇನ್ನೊಂದ್ಸಲ ಏನಾದ್ರೂ ಆದ್ರೆ ಈ ಹೊಳೆ ಸಹವಾಸವೇ ಬೇಡ" ಎಂದು ಮಗಳು ಮೇರನ್ ಬೆಳಿಗ್ಗೆಯಷ್ಟೇ ಹೇಳಿದ್ದಳು.

"ಅಪ್ಪಾ, ಊಟಕ್ಕೆ ಬಾ!" ಅವಳು ದಡದಿಂದ ಕೂಗಿದಳು.

"ಇರು, ದೊಡ್ಡ ಟ್ರೌಟ್ ಮೀನೊಂದು ಇಲ್ಲೇ ಸುಳಿದಾಡ್ತಿದೆ."

"ಅದಕ್ಕೆ ನಿನ್ಮೇಲೆ ಅಷ್ಟು ಪ್ರೀತಿನಾ? ಆಗಿಂದ ಅಲ್ಲೇ ನಿಂತಿದೀಯ."

ಅವನು ನಕ್ಕು ಮತ್ತೆ ಬೀಸಿದ. ಬಿಸಿಲಲ್ಲಿ ಮಿಂಚುತ್ತಾ ದಾರ ಅವಳತ್ತ ಹಾರಿತು. ಅದರ ತುದಿಯಲ್ಲಿ ಮೀನನ್ನು ಸೆಳೆಯಲು ಗರಿಯಿಂದ ಕಟ್ಟಿದ ಹುಸಿ ನೊಣವೇ ಇರಲಿಲ್ಲ. ನೊಣ ಕಿತ್ತುಹೋದದ್ದು ಅಪ್ಪನಿಗೆ ತಿಳಿಯದೆ ಇರುತ್ತದೆಯೇ? ತಿಳಿದೂ ಬರಿ ದಾರ ಬೀಸುತ್ತಿದ್ದಾನೆಂದರೆ ಅವನಿಗೆ ಅಲ್ಲಿಂದ ಕದಲಲು ಆಗುತ್ತಿಲ್ಲ. ಮೇರನ್ ಕೈಲಿದ್ದ ಬ್ರೆಡ್ಡನ್ನು ಬಿಸಾಡಿ ಬಟ್ಟೆಯ ಸಮೇತ ಹೊಳೆಗಿಳಿದಳು. ನೀರಲ್ಲಿ ಮುಳುಗಿ, ತಡವಿ, ಬೂಟಿನ ಲೇಸು ಬಿಚ್ಚಿ ಅವನ ಕಾಲನ್ನು ಹೊರಗೆಳೆದಳು.

"ಮನೇಲಿ ಯಾರಿಗೂ ಹೇಳಲ್ಲ ಬಿಡಪ್ಪ" ಎಂದಳು ಏದುಸಿರಲ್ಲಿ.

ಆರಿನ್ ಎರಡೂ ಕೈಯಿಂದ ಅವಳ ಹೆಗಲನ್ನು ಹಿಡಿದುಕೊಂಡ. ಗಾಳದ ಕೋಲು ತೇಲಿಹೋಯಿತು. ಅವನು ತಿರುಗಿಯೂ ನೋಡಲಿಲ್ಲ.

"ಹೇಳಮ್ಮ" ಎಂದ. "ತುಂಬಾ ಹೆದರ್ಕೊಂಡಿದ್ದೆ."