ಎರಡು ವಿಷಲ್

ಕುಕ್ಕರ್ ಎರಡು ಸಲ ವಿಷಲ್ ಹಾಕಿದರೆ ಈಗಲೂ ನನಗೆ ಸಂತೇಬೆನ್ನೂರಿನ ಬಸ್ಸು ನೆನಪಾಗುತ್ತದೆ. ಮನೆಯಲ್ಲಿ ವಿಷಲ್ ಎಂದರೆ ಬೇಳೆ ಬೆಂದಿತೆಂದು, ಶಾಲೆಯಲ್ಲಿ ಸಾಲಾಗಿ ನಿಲ್ಲಿ ಎಂದು. ಬಸ್ಸಿನಲ್ಲಿ ಒಂದು ವಿಷಲ್‌ಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.

ನಾನು ಶಾಲೆಯಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಅಜ್ಜಿ ಬಸ್ಸಿಳಿಯುತ್ತ ಒಂದು ಕಾಲು ನೆಲಕ್ಕಿಡುವಷ್ಟರಲ್ಲಿ ಕಂಡಕ್ಟರ್ ಎರಡು ವಿಷಲ್ ಊದಿಬಿಟ್ಟ. ಅಜ್ಜಿ ಬಿದ್ದು ಕೈ ಮುರಿದುಕೊಂಡಳು. “ಮುದುಕೀನ ಇಳಿಸಾಕೆ ಪಲ್ಲಕ್ಕಿ ತರಬೇಕಿತ್ತೇನು?” ಎಂದು ಅವನು ನಕ್ಕ. ನಾನು ಆ ತಾರೀಖನ್ನು ಡೈರಿಯಲ್ಲಿ ಬರೆದಿಟ್ಟು, ಬೆರಳು ಮಡಚಿ ಬಾಯಿಗಿಟ್ಟು, ತುಟಿ ಒಡೆಯುವ ತನಕ ಸೀಟಿ ಹೊಡೆಯುವುದನ್ನು ಕಲಿತೆ.

ಕೈಯ ಪಟ್ಟಿ ಬಿಚ್ಚಿಸಲು ಅಜ್ಜಿಯೊಂದಿಗೆ ಅದೇ ಬಸ್ಸಿನಲ್ಲಿ ಚನ್ನಗಿರಿಗೆ ಹೊರಟ ಮಧ್ಯಾಹ್ನ, ಒಂದು ಸ್ಟಾಪಿನಲ್ಲಿ ಅದೇ ಕಂಡಕ್ಟರ್ ಹಿಂದಿನ ಬಾಗಿಲಿನಿಂದಿಳಿದು ಬೇಲಿಯ ಮರೆಗೆ ಹೋದ. ನಾನು ಎರಡು ಸೀಟಿ ಹೊಡೆದೆ. ಬಸ್ಸು ಹೊರಟಿತು.

“ಹೆಣ್ಮಕ್ಳು ಸೀಟಿ ಹೊಡಿಬಾರ್ದು ಕಣೇ,” ಎಂದಳು ಅಜ್ಜಿ.

ಕಂಡಕ್ಟರ್ ಪ್ಯಾಂಟು ಹಿಡಿದುಕೊಂಡು, “ಹೋಲ್ಡಾನ್! ಹೋಲ್ಡಾನ್!” ಎಂದು ಕೂಗುತ್ತ ಓಡಿಬಂದ. ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿ ಬಸ್ಸನ್ನು ನಿಲ್ಲಿಸಿದ. ಏದುಸಿರು ಬಿಡುತ್ತ ಅವನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಇನ್ನೊಂದು ನೆಲದ ಮೇಲೇ ಇತ್ತು.

ಅಜ್ಜಿ ನನ್ನ ಪಕ್ಕೆಗೆ ತಿವಿದಳು.

“ಈಗ ಹೊಡಿಯೇ, ಈಗ.”