ಎರಡು ಕೀಲಿಯ ಕಾರು

“ಈ ಕಾರು ಪಾಲು ಮಾಡಿಕೊಡು” ಅಂತ ನಾಗಣ್ಣ ಅಂದಾಗ ಮಿಸ್ತ್ರಿ ಅಬ್ರಾರ ಬಾನೆಟ್ಟಿನೊಳಗಿಂದ ತಲೆ ಹೊರಗೆ ತೆಗೆದ. ಇಲಿ ಕಡಿದ ಹಳೇ ವೈರುಗಳು ಅವನ ಕೈಯಲ್ಲಿ ಹಳಸಿದ ಶಾವಿಗೆಯ ಹಾಗೆ ಜೋತಾಡುತ್ತಿದ್ದವು.

“ಗರಗಸ ತರಲೇನ್ರಿ?” ಅಂದ.

ಶಹಾಪುರದ ಆ ಮನೆಯಲ್ಲಿ ಮಿಕ್ಕದ್ದೆಲ್ಲ ಪಾಲಾಗಿ ಹೋಗಿತ್ತು. ಅಂಗಳದ ನಡುವೆ ಗೋಡೆ ಎದ್ದಿತ್ತು, ಹತ್ತಿ ಅಂಗಡಿ ಎರಡಾಗಿತ್ತು, ತೂಗುಮಂಚ ಅಣ್ಣನಿಗೆ ಹೋದರೆ ಅದರ ಸರಪಳಿ ತಮ್ಮನಿಗೆ ಹೋಗಿತ್ತು. ಅಪ್ಪ ಬಿಟ್ಟುಹೋದ ಅಂಬಾಸಿಡರ್ ಒಂದೇ ಬಾಕಿ. ಅದನ್ನು ನಾಗಣ್ಣ ಬಿಡಲೊಲ್ಲ, ತಮ್ಮ ಸಂಗಮನಾಥ ಕೊಡಲೊಲ್ಲ. ಇಬ್ಬರೂ ಮಾತು ಬಿಟ್ಟು ವರ್ಷ ದಾಟಿತ್ತು. ಒಬ್ಬ ಇನ್ನೊಬ್ಬನಿಗೆ ಏನು ಹೇಳುವುದಿದ್ದರೂ ತಾಯಿ ಪಾರ್ವತಿಬಾಯಿಯ ಮೂಲಕವೇ ಹೇಳಬೇಕು, ಎದುರೆದುರು ನಿಂತಿದ್ದರೂ ಅಷ್ಟೇ.

“ಅವ್ವಾ, ಕೀಲಿ ನನ್ನ ಕೈಯಾಗ ಇರ್ತದ, ಸೆಲ್ಫಿನ ಬಟನ್ ಅವನ ತಾಬೇದಾಗ ಇರ್ಲಿ ಅಂತ ಹೇಳು,” ಅಂದ ನಾಗಣ್ಣ. “ನನ್ನ ಬಿಟ್ಟು ಅವ ಒಯ್ಯಬಾರ್ದು, ಅವನ್ನ ಬಿಟ್ಟು ನಾ ಒಯ್ಯಲ್ಲ.”

“ಅವ್ವಾ, ನಾ ಏನ್ ಸಣ್ಣ ಕೂಸಲ್ಲ ಅಂತ ಹೇಳು,” ಅಂದ ಸಂಗಮನಾಥ. “ಕೀಲಿ ಇದ್ದವ ನಾಕು ಮಂದೀನ ಕರದು ನೂಕಿಸಿದ್ರ ಸೆಲ್ಫ್ ಇಲ್ಲದೇನ ಗಾಡಿ ಚಾಲೂ ಆಗ್ತದ.”

ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಪಾರ್ವತಿಬಾಯಿ ತಲೆ ಎತ್ತಲಿಲ್ಲ. “ಇಬ್ಬರೂ ಕೇಳಿದ್ರಲ್ಲ, ಮತ್ತ ನಾ ಏನು ಹೇಳ್ಲಿ,” ಅಂದಳು.

ಕೊನೆಗೆ ಅಬ್ರಾರನೇ ಒಂದು ದಾರಿ ಹುಡುಕಿದ. ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕರೆಂಟು ಹೋಗುವುದು ಒಂದೇ ವೈರಿನಲ್ಲಿ. ಆ ವೈರಿನ ನಡುವೆ ಒಂದರ ಹಿಂದೆ ಒಂದು ಎರಡು ಕೀಲಿ ಕೂಡಿಸಿದರಾಯಿತು, ಒಂದು ಅಣ್ಣನದು, ಒಂದು ತಮ್ಮನದು. ಎರಡೂ ತಿರುವಿದರೆ ಇಂಜಿನ್ನಿಗೆ ಕಿಡಿ. ಒಂದು ತಿರುವದಿದ್ದರೂ ಊರಿಗೆ ಊರೇ ಬಂದು ನೂಕಲಿ, ಗಾಡಿ ಗುರ್ ಅನ್ನುವುದಿಲ್ಲ. ಸೆಲ್ಫಿನ ಬಟನ್ ಬೇಕಾದವರು ಒತ್ತಿಕೊಳ್ಳಲಿ. ಅಣ್ಣ ತಮ್ಮ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಹೂಂ ಅಂದು ಹೋದರು.

ಅವರು ಅತ್ತ ಹೋದದ್ದೇ ಪಾರ್ವತಿಬಾಯಿ ಕಾರಿನ ಹತ್ತಿರ ಬಂದಳು.

“ಅಬ್ರಾರ, ಅದೇ ವೈರಿನ್ಯಾಗ ನಂದೊಂದು ಸ್ವಿಚ್ ಕೂಡಿಸು. ಹಿಂದಿನ ಸೀಟಿನ ಕೆಳಗ, ನನ್ನ ಕೈಗೆ ಸಿಗೂ ಹಂಗ. ಅವರಿಗೆ ಗೊತ್ತಾಗಬಾರ್ದು.”

“ನಿಮಗ್ಯಾಕ್ ಬೇಕ್ರಿ ಅಮ್ಮಾ?”

“ಇಷ್ಟು ದಿನ ಇವರಿಬ್ಬರ ನಡುವಿನ ವೈರ್ ನಾನ ಆಗೀನಿ. ಇವನ ಬೈಗುಳ ಅವಗ, ಅವನ ಬೈಗುಳ ಇವಗ ಮುಟ್ಟಿಸಿ ಮುಟ್ಟಿಸಿ ನಾಲಿಗಿ ಸವದದ. ನಾ ಸಾಯೂದ್ರೊಳಗ ಒಮ್ಮೆರ ಇವರು ಮುಖಕ್ಕ ಮುಖ ಕೊಟ್ಟು ಬೈದಾಡೂದು ಕೇಳಬೇಕು.”

“ನಡುದಾರ್ಯಾಗ ಗಾಡಿ ನಿಂತ್ರ ನನ್ನ ಹೆಸರು ಕೆಡ್ತದಲ್ರಿ.”

“ನಿನ್ನ ಹೆಸರು ಆಮ್ಯಾಲ ತೊಳದು ಕೊಡ್ತೀನಿ. ಮೊದಲ ಸ್ವಿಚ್ ಹಾಕು.”

ಕಾರು ತಯಾರಾದ ಕೂಡಲೇ ಪಾರ್ವತಿಬಾಯಿ ಸುರಪುರದ ಆಚೆ ಬೋನಾಳದಲ್ಲಿರುವ ತಂಗಿಯ ಮನೆಗೆ ಹೋಗಬೇಕು ಅಂತ ಹಟ ಹಿಡಿದಳು. ಬಸ್ಸು ಬೇಡ, ಗಂಡನ ಕಾರೇ ಆಗಬೇಕು. ನಾಗಣ್ಣ ಸ್ಟೇರಿಂಗ್ ಹಿಡಿದ, ಸಂಗಮನಾಥ ಬದಿಗೆ ಕುಳಿತ. ಇವನ ಕೀಲಿ ತಿರುಗಿತು, ಅವನ ಕೀಲಿ ತಿರುಗಿತು, ಅಂಬಾಸಿಡರ್ ಕೆಮ್ಮಿ ಕ್ಯಾಕರಿಸಿ ಹೊರಟಿತು. ದಾರಿಯುದ್ದಕ್ಕೂ ಒಬ್ಬರೂ ಪಿಟ್ ಅನ್ನಲಿಲ್ಲ. ಹೆಣ ಒಯ್ಯುವ ಗಾಡಿಯಲ್ಲಾದರೂ ಯಾರಾದರೂ ಅಳುತ್ತಾರೆ.

ಹತ್ತಿಗುಡೂರು ದಾಟಿತು. ಎರಡೂ ಕಡೆ ಬರೀ ಹತ್ತಿ ಹೊಲ. ಪಾರ್ವತಿಬಾಯಿ ಸೀಟಿನ ಕೆಳಗೆ ಕೈ ಹಾಕಿದಳು. ಗಾಡಿ ಸತ್ತಿತು. ಸೆಲ್ಫ್ ಒತ್ತಿದರೆ ಇಂಜಿನ್ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ.

“ಅವ್ವಾ, ಕೀಲಿ ಯಾಕ ಬಂದ್ ಮಾಡಿದಿ ಅಂತ ಅವನ್ನ ಕೇಳು,” ಅಂದ ನಾಗಣ್ಣ.

“ಅವ್ವಾ, ಮಾಡಿದವ ಅವನ ಅಂತ ಹೇಳು,” ಅಂದ ಸಂಗಮನಾಥ.

“ನನಗ ಕಿವಿ ಕೇಳಿಸವಲ್ದು,” ಅಂದಳು ಪಾರ್ವತಿಬಾಯಿ. “ಗಾಳಿ ಹೊಕ್ಕದ.”

ಕಾರಿನ ತಗಡು ಕಾದು ಹೆಂಚಾಯಿತು. ಕಡೆಗೆ ನಾಗಣ್ಣ ತಮ್ಮನ ಕಡೆ ತಿರುಗಿಯೇಬಿಟ್ಟ. “ಲೇ, ನಿನ್ನ ಕೀಲಿ ಸರಿ ತಿರುವು.”

“ನಂದು ಸರಿ ಅದ, ನಿಂದು ನೋಡ್ಕೊ. ತೂಗುಮಂಚ ನುಂಗಿದವ, ಈಗ ಕಾರೂ ನುಂಗಾಕತ್ತಿ.”

“ಆ ಸರಪಳಿ ಒಯ್ದು ಎಮ್ಮಿ ಕಟ್ಟಿದವ ನನಗ ಹೇಳ್ತಿ?”

ಆಮೇಲೆ ಗೋಡೆ, ಅಂಗಡಿ, ಒಬ್ಬರಿಗೊಬ್ಬರ ಹೆಂಡತಿಯ ತವರು, ಒಂದನ್ನೂ ಬಿಡಲಿಲ್ಲ. ಪಾರ್ವತಿಬಾಯಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ಒಂದೊಂದನ್ನೂ ಸವಿದು ಕೇಳಿದಳು. ಬೈದು ಬೈದು ಗಂಟಲು ಆರಿದ ಮೇಲೆ ಇಬ್ಬರೂ ಒಂದೇ ಬಾಟ್ಲಿಯ ನೀರು ಕುಡಿದು, ಕೆಳಗಿಳಿದು ಬಾನೆಟ್ ಎತ್ತಿದರು.

“ಅಣ್ಣಾ, ಈ ವೈರ್ ನೋಡು, ಹ್ಯಾಂಗ ಸುತ್ಯಾನ.”

“ಆ ಅಬ್ರಾರ ಅನಾಡಿ ಅಂತ ನಾ ಮೊದಲ ಹೇಳಿದ್ನಿ.”

“ನನಗೆಲ್ಲಿ ಹೇಳಿದಿ?”

“ನಿನಗ ಹ್ಯಾಂಗ ಹೇಳ್ಲೋ, ಮಾತ ಇರಲಿಲ್ಲಲ್ಲ.”

ಒಳಗೆ ಪಾರ್ವತಿಬಾಯಿ ಸ್ವಿಚ್ ಹಾಕಿದಳು. ಸಂಗಮನಾಥ ಬಂದು ಬಟನ್ ಒತ್ತಿದ, ಗಾಡಿ ಹೊತ್ತಿಕೊಂಡಿತು. ಅಲ್ಲಿಂದ ಸುರಪುರದ ಗುಡ್ಡ ಕಾಣುವ ತನಕ ಅಣ್ಣ ತಮ್ಮ ಒಂದೇ ಬಾಯಿಂದ ಅಬ್ರಾರನನ್ನು ಬೈದರು. ವೈರಿಂಗ್ ಅವನಿಗೆ ಗೊತ್ತೇ ಇಲ್ಲ, ಇನ್ನು ಮೇಲೆ ಅವನ ಕೈಗೆ ಸೈಕಲ್ಲೂ ಕೊಡಬಾರದು ಅಂತ ಠರಾವು ಮಾಡಿದರು. ಪಾಪ, ನಾಳೆ ಅವನ ಮನೆಗೆ ಹೋಳಿಗೆ ಕಳಿಸಬೇಕು ಅಂದುಕೊಂಡಳು ಪಾರ್ವತಿಬಾಯಿ.

“ಅವ್ವಾ, ನೀನ ಹೇಳು,” ಅಂದ ನಾಗಣ್ಣ. “ಅವ ಅನಾಡಿ ಹೌದೋ ಅಲ್ಲೋ?”

“ಹೌದಪ್ಪ, ಬರೇ ಅನಾಡಿ.”

ಬೈಯಲು ಇನ್ನೇನೂ ಉಳಿಯಲಿಲ್ಲ. ಮುಂದಿನ ಸೀಟಿನವರಿಬ್ಬರೂ ಸುಮ್ಮನಾದರು. ಪಾರ್ವತಿಬಾಯಿ ತುಸು ಹೊತ್ತು ಕಾದಳು, ಆಮೇಲೆ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ ಮೆಲ್ಲಗೆ ಸೀಟಿನ ಕೆಳಗೆ ಕೈ ಇಳಿಬಿಟ್ಟಳು.